ವರ್ಷದ ಯಾವ ತಿಂಗಳಲ್ಲಿ ಮಗುವಿನ ತೂಕ ಏರುತ್ತದೆ?

(ಶಿಕ್ಷಕರು ಮತ್ತು ಪೋಷಕರ ಸಭೆಯಲ್ಲಿ ನೀಡಿದ ಉಪನ್ಯಾಸದ ಬರಹ ರೂಪ)

ಎಲ್ಲರಿಗೂ ನಮಸ್ಕಾರ.

ಶಾಲಾಮಕ್ಕಳ ಬೊಜ್ಜಿನ ಮಾತು ಬಂದಾಗ ಸಾಮಾನ್ಯವಾಗಿ ಎರಡು ಪ್ರಶ್ನೆ ಕೇಳುತ್ತೇವೆ. ಮಗು ಏನು ತಿನ್ನುತ್ತದೆ? ಎಷ್ಟು ಆಡುತ್ತದೆ? ಮೂರನೆಯದೊಂದು ಪ್ರಶ್ನೆ ಇದೆ, ಅದನ್ನು ಕೇಳುವವರು ಕಡಿಮೆ: ತೂಕ ಏರಿದ್ದು ಯಾವಾಗ? ಇವತ್ತಿನ ಮಾತೆಲ್ಲ ಈ ಮೂರನೆಯ ಪ್ರಶ್ನೆಯ ಸುತ್ತ.

ಮಗುವಿನ ತೂಕ ಹನ್ನೆರಡು ತಿಂಗಳೂ ಒಂದೇ ಸಮನೆ ಏರುವುದಿಲ್ಲ. ಕೆಲವು ತಿಂಗಳು ಎತ್ತರ ಮುಂದೋಡುತ್ತದೆ, ಕೆಲವು ತಿಂಗಳು ತೂಕ. ಇದು ಋತುಗಳ ಲಯ. ಇದರ ಮೇಲೆ ಶಾಲೆ ಮತ್ತು ರಜೆಯ ಇನ್ನೊಂದು ಲಯ ಕೂತಿದೆ. ಬೊಜ್ಜಿನ ಕಡೆಗೆ ವಾಲುತ್ತಿರುವ ಮಗುವಿನಲ್ಲಿ ಈ ಎರಡನೆಯ ಲಯದ್ದೇ ಮೇಲುಗೈ. ಅದನ್ನು ಗುರುತಿಸಿಕೊಂಡರೆ ವರ್ಷವಿಡೀ ಪಥ್ಯದ ಹೆಸರಿನಲ್ಲಿ ಮಗುವನ್ನು ಕಾಡಬೇಕಿಲ್ಲ. ಕೆಲವು ವಾರಗಳ ದಿನಚರಿಯನ್ನು ಗಟ್ಟಿಯಾಗಿ ಹಿಡಿದುಕೊಂಡರೆ ಬಹುಪಾಲು ಕೆಲಸ ಆಗುತ್ತದೆ.

ಸಮಸ್ಯೆ ಎಷ್ಟು ದೊಡ್ಡದು ಎಂಬುದನ್ನು ಬೇಗ ಹೇಳಿ ಮುಂದೆ ಹೋಗುತ್ತೇನೆ. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಲ್ಲಿ 2022ರಲ್ಲಿ 5ರಿಂದ 19 ವರ್ಷದ 39 ಕೋಟಿಗೂ ಹೆಚ್ಚು ಮಕ್ಕಳು ಅಧಿಕ ತೂಕದವರು. ಅವರಲ್ಲಿ 16 ಕೋಟಿ ಮಕ್ಕಳಿಗೆ ಬೊಜ್ಜು. 1990ರಲ್ಲಿ ಈ ವಯಸ್ಸಿನವರಲ್ಲಿ ಬೊಜ್ಜಿದ್ದವರು ಶೇ. 2, 2022ರಲ್ಲಿ ಶೇ. 8. ಒಂದು ತಲೆಮಾರಿನೊಳಗೆ ಮಕ್ಕಳ ವಂಶವಾಹಿಗಳು ಬದಲಾಗಿಲ್ಲ. ಬದಲಾಗಿರುವುದು ಅವರ ದಿನಗಳು.

ಪ್ರಕೃತಿಯ ಲಯ, ಪಠ್ಯವರ್ಷದ ಲಯ

ಮಕ್ಕಳ ಬೆಳವಣಿಗೆ ಋತುವಿನೊಂದಿಗೆ ಏರಿಳಿಯುತ್ತದೆ ಎಂಬುದು ಹಳೆಯ ತಿಳಿವಳಿಕೆ. 1880ರ ದಶಕದಲ್ಲಿ ಕೋಪನ್‌ಹೇಗನ್‌ನ ಕಿವುಡ ಮಕ್ಕಳ ಶಾಲೆಯ ಮುಖ್ಯಸ್ಥರಾಗಿದ್ದ ರಾಸ್ಮುಸ್ ಮಾಲಿಂಗ್-ಹಾನ್ಸೆನ್ ತಮ್ಮ ಶಾಲೆಯ ಮಕ್ಕಳ ತೂಕ, ಎತ್ತರಗಳನ್ನು ವರ್ಷಗಟ್ಟಲೆ ದಿನನಿತ್ಯ ಅಳೆದು ಬರೆದಿಟ್ಟರು. 1886ರಲ್ಲಿ ಅದನ್ನು ಪ್ರಕಟಿಸಿದರು. ಟೈಪ್‌ರೈಟರಿನ ಪೂರ್ವಜರಲ್ಲಿ ಒಂದಾದ ಬರೆಯುವ ಗೋಳವನ್ನು ಕಂಡುಹಿಡಿದವರೂ ಇವರೇ. ಆದರೆ ಮಕ್ಕಳ ಬೆಳವಣಿಗೆಯ ಈ ದಾಖಲೆ ಅದಕ್ಕಿಂತ ಕಡಿಮೆಯದಲ್ಲ ಎಂದು ನನಗೆ ಅನಿಸುತ್ತದೆ. ಅವರು ಕಂಡದ್ದು ಇಷ್ಟು: ಎತ್ತರ ವೇಗವಾಗಿ ಏರುವುದು ವಸಂತದಲ್ಲಿ, ತೂಕ ವೇಗವಾಗಿ ಏರುವುದು ಬೇಸಿಗೆ ಕಳೆದ ಮೇಲೆ, ಚಳಿಗಾಲಕ್ಕೆ ಮುಂಚಿನ ತಿಂಗಳುಗಳಲ್ಲಿ. ಎರಡೂ ಒಟ್ಟಿಗೆ ಉತ್ತುಂಗಕ್ಕೆ ಹೋಗುವುದಿಲ್ಲ. ಋತುಗಳ ನಡುವೆ ಹಗಲಿನ ಉದ್ದ ಮತ್ತು ಉಷ್ಣಾಂಶದ ಅಂತರ ದೊಡ್ಡದಾಗಿರುವ ದೇಶಗಳಲ್ಲಿ ಈ ಲಯ ಸ್ಪಷ್ಟವಾಗಿ ಕಾಣುತ್ತದೆ.

ಈ ಲಯ ಮಾತ್ರ ಇದ್ದಿದ್ದರೆ ಬೇಸಿಗೆಯ ಹೊತ್ತಿಗೆ ಮಕ್ಕಳು ಉದ್ದಗೆ, ತೆಳ್ಳಗೆ ಕಾಣಬೇಕಿತ್ತು. ಈಗಿನ ಮಕ್ಕಳಲ್ಲಿ ಹಾಗಾಗುತ್ತಿಲ್ಲ. ಅಮೆರಿಕದಲ್ಲಿ 2010ರಲ್ಲಿ ಕಿಂಡರ್‌ಗಾರ್ಟನ್ ಸೇರಿದ 18,170 ಮಕ್ಕಳನ್ನು ಎರಡನೇ ತರಗತಿ ಮುಗಿಯುವವರೆಗೆ, ಅಂದರೆ 2013ರವರೆಗೆ, ಪಠ್ಯವರ್ಷದ ಆರಂಭದಲ್ಲೂ ಕೊನೆಯಲ್ಲೂ ಅಳೆದರು. ಬೊಜ್ಜಿದ್ದವರ ಪ್ರಮಾಣ ಶೇ. 8.9ರಿಂದ 11.5ಕ್ಕೆ ಏರಿತ್ತು. ಬೊಜ್ಜೂ ಸೇರಿದಂತೆ ಅಧಿಕ ತೂಕದವರು ಶೇ. 23.3ರಿಂದ 28.7ಕ್ಕೆ. ಈ ಏರಿಕೆ ಪೂರ್ತಿಯಾಗಿ ಆದದ್ದು ನಡುವಿನ ಎರಡು ಬೇಸಿಗೆ ರಜೆಗಳಲ್ಲಿ. ಶಾಲೆ ನಡೆಯುತ್ತಿದ್ದ ತಿಂಗಳುಗಳಲ್ಲಿ ಪ್ರಮಾಣ ಏರಲಿಲ್ಲ. ಇದೇ ಸಂಶೋಧಕರಲ್ಲಿ ಒಬ್ಬರಾದ ಪಾಲ್ ವಾನ್ ಹಿಪ್ಪೆಲ್ ಮತ್ತು ಸಂಗಡಿಗರು 2007ರಲ್ಲಿ ಪ್ರಕಟಿಸಿದ ಹಿಂದಿನ ಅಧ್ಯಯನವೂ ಇದನ್ನೇ ತೋರಿಸಿತ್ತು. ಜೊತೆಗೆ ಇನ್ನೊಂದು ವಿಷಯವನ್ನೂ ಎತ್ತಿ ತೋರಿಸಿತ್ತು: ಮೊದಲೇ ತೂಕ ಹೆಚ್ಚಿದ್ದ ಮಕ್ಕಳಲ್ಲಿ ರಜೆಯ ಏರಿಕೆ ಎದ್ದು ಕಾಣುವಂತಿತ್ತು.

ಹಾಗಾದರೆ ಎಲ್ಲ ಶಾಲೆಗಳ ಊಟ, ಆಟ ಅಷ್ಟು ಚೆನ್ನಾಗಿವೆಯೇ? ಹಾಗೇನೂ ಇಲ್ಲ. ಶಾಲೆ ಮಾಡುವುದು ಬೇರೆ ಕೆಲಸ. ಅದು ದಿನಕ್ಕೊಂದು ಚೌಕಟ್ಟು ಹಾಕುತ್ತದೆ. ಏಳುವ ಹೊತ್ತು ನಿಗದಿಯಾಗುತ್ತದೆ, ಆದ್ದರಿಂದ ಮಲಗುವ ಹೊತ್ತೂ. ಬೆಳಗಿನ ಘಂಟೆಯಿಂದ ಬಿಡುವಿನ ಘಂಟೆಯವರೆಗೆ ಬಾಯಿಗೆ ಏನೂ ಬೀಳುವುದಿಲ್ಲ. ತರಗತಿಯಿಂದ ತರಗತಿಗೆ, ಮೈದಾನಕ್ಕೆ, ಮನೆಗೆ ಎಂದು ಕಾಲು ಆಡುತ್ತಲೇ ಇರುತ್ತದೆ. ಕೈಯಲ್ಲಿ ಮೊಬೈಲ್ ಇರುವುದಿಲ್ಲ. ಇವುಗಳಲ್ಲಿ ಯಾವುದನ್ನೂ ಬೊಜ್ಜು ತಡೆಯಲೆಂದು ಮಾಡಿದ್ದಲ್ಲ, ಆದರೂ ತಡೆಯುತ್ತವೆ. 2017ರಲ್ಲಿ ಕೀತ್ ಬ್ರೆಜಂಡೇಲ್, ಮೈಕೆಲ್ ಬೀಟ್ಸ್ ಮುಂತಾದವರು ಇದನ್ನು ‘ಚೌಕಟ್ಟಿನ ದಿನಗಳ ಊಹೆ’ ಎಂಬ ರೂಪದಲ್ಲಿ ಮುಂದಿಟ್ಟರು. ದೊಡ್ಡವರು ಹೊತ್ತು ಗೊತ್ತು ಮಾಡಿದ ದಿನಗಳಲ್ಲಿ ಮಕ್ಕಳ ನಿದ್ದೆ, ತಿನ್ನುವುದು, ಚಲನೆ, ಪರದೆ ನೋಡುವುದು ನಾಲ್ಕೂ ಹತೋಟಿಯಲ್ಲಿರುತ್ತವೆ. ಚೌಕಟ್ಟು ಕಳಚಿದ ದಿನ ನಾಲ್ಕೂ ಒಟ್ಟಿಗೆ ಸಡಿಲವಾಗುತ್ತವೆ.

ಕೋವಿಡ್ ಕಾಲದಲ್ಲಿ ಇದು ಯಾರೂ ಬಯಸದ ರೀತಿಯಲ್ಲಿ ಪರೀಕ್ಷೆಗೆ ಒಳಗಾಯಿತು. ಅಮೆರಿಕದ ರೋಗ ನಿಯಂತ್ರಣ ಕೇಂದ್ರ 2021ರಲ್ಲಿ 2ರಿಂದ 19 ವರ್ಷದ 4,32,302 ಮಂದಿಯ ದಾಖಲೆಗಳನ್ನು ಪರಿಶೀಲಿಸಿತು. ದೇಹದ್ರವ್ಯ ಸೂಚ್ಯಂಕ, ಅಂದರೆ ನಾವೆಲ್ಲ ಬಿಎಂಐ ಎನ್ನುವುದು, ಅದಕ್ಕೂ ಮುಂಚೆ ತಿಂಗಳಿಗೆ ಸರಾಸರಿ 0.052ರಂತೆ ಏರುತ್ತಿದ್ದದ್ದು ಆ ಕಾಲದಲ್ಲಿ 0.100ರಂತೆ ಏರಿತು. ಹೆಚ್ಚುಕಡಿಮೆ ಎರಡು ಪಟ್ಟು. ಭಯ, ಒತ್ತಡ, ಹಣದ ಮುಗ್ಗಟ್ಟು ಎಲ್ಲವೂ ಅದರಲ್ಲಿ ಸೇರಿವೆ, ಎಲ್ಲವನ್ನೂ ಶಾಲೆಯ ಬಾಗಿಲು ಮುಚ್ಚಿದ್ದರ ಲೆಕ್ಕಕ್ಕೆ ಬರೆಯಲಾಗದು. ಆದರೂ ದಿಕ್ಕು ಅದೇ.

ಮೆಟ್ಟಿಲಿನಂತೆ ಏರುವ ತೂಕ

ಅಂಕಿಗಳಲ್ಲಿ ಇದು ಹೇಗೆ ಕಾಣುತ್ತದೆ ಎಂದು ಒಂದು ಕಲ್ಪಿತ ಲೆಕ್ಕ ಮಾಡೋಣ. ಸರಿಯಾಗಿ 8 ವರ್ಷದ ಹುಡುಗ. ರಜೆ ಶುರುವಾದ ದಿನ ಎತ್ತರ 128 ಸೆಂ.ಮೀ., ತೂಕ 28 ಕೆಜಿ. ಬಿಎಂಐ ಎಂದರೆ ಕೆಜಿಯಲ್ಲಿರುವ ತೂಕವನ್ನು ಮೀಟರಿನಲ್ಲಿರುವ ಎತ್ತರದ ವರ್ಗದಿಂದ ಭಾಗಿಸುವುದು. 1.28ನ್ನು 1.28ರಿಂದ ಗುಣಿಸಿದರೆ 1.6384. 28ನ್ನು ಅದರಿಂದ ಭಾಗಿಸಿದರೆ 17.1. ವಿಶ್ವ ಆರೋಗ್ಯ ಸಂಸ್ಥೆಯ 2007ರ ಕೋಷ್ಟಕದಲ್ಲಿ 8 ವರ್ಷದ ಹುಡುಗರ ನಡುಬೆಲೆ 15.7, ಅಧಿಕ ತೂಕದ ಗೆರೆ 17.4, ಬೊಜ್ಜಿನ ಗೆರೆ 19.7. ನಮ್ಮ ಹುಡುಗ ಗೆರೆಯ ಕೆಳಗಿದ್ದಾನೆ.

ಎರಡೂವರೆ ತಿಂಗಳ ರಜೆ ಮುಗಿಯಿತು. ಎತ್ತರ 129, ತೂಕ 30. ಬಿಎಂಐ 18.0. ಗೆರೆ ದಾಟಿದ. ಮುಂದಿನ ಒಂಬತ್ತೂವರೆ ತಿಂಗಳು ಶಾಲೆ. ಎತ್ತರ 133ಕ್ಕೆ ಬಂತು, ತೂಕ 31.5. ಬಿಎಂಐ 17.8. ಈಗ ಅವನಿಗೆ 9 ವರ್ಷ, ಆ ವಯಸ್ಸಿನ ಗೆರೆ 17.9. ಕೂದಲೆಳೆಯಷ್ಟು ಕೆಳಗೆ ಇಳಿದ. ಮತ್ತೆ ರಜೆ. ಎತ್ತರ 134, ತೂಕ 34. ಬಿಎಂಐ 18.9. ಮತ್ತೆ ಮೇಲೆ, ಮೊದಲಿಗಿಂತಲೂ ಮೇಲೆ.

ಹದಿನಾಲ್ಕೂವರೆ ತಿಂಗಳಲ್ಲಿ ಏರಿದ್ದು 6 ಕೆಜಿ. ಅದರಲ್ಲಿ ನಾಲ್ಕೂವರೆ ಕೆಜಿ ರಜೆಯ ಐದು ತಿಂಗಳಲ್ಲಿ. ಶಾಲೆಯ ಒಂಬತ್ತೂವರೆ ತಿಂಗಳಲ್ಲಿ ಒಂದೂವರೆ ಕೆಜಿ ಮಾತ್ರ. 6ರಿಂದ 10 ವರ್ಷದ ಮಗುವಿಗೆ ವರ್ಷಕ್ಕೆ 2ರಿಂದ 3 ಕೆಜಿ ತೂಕ, 5ರಿಂದ 6 ಸೆಂ.ಮೀ. ಎತ್ತರ ಸಹಜ. ವರ್ಷಕ್ಕೊಮ್ಮೆ ಮಾತ್ರ ಅಳೆದಿದ್ದರೆ ಈ ಮೆಟ್ಟಿಲುಗಳು ಕಾಣುವುದೇ ಇಲ್ಲ, ಒಂದು ಇಳಿಜಾರು ಮಾತ್ರ ಕಾಣುತ್ತದೆ. ಅದಕ್ಕಿಂತ ಕೆಟ್ಟದ್ದು ಇನ್ನೊಂದಿದೆ. ಒಂದು ವರ್ಷ ರಜೆಗೆ ಮುಂಚೆ, ಮರುವರ್ಷ ರಜೆಯ ನಂತರ ಅಳೆದರೆ ಎರಡು ರಜೆಗಳ ಏರಿಕೆ ಒಂದೇ ಪಠ್ಯವರ್ಷದ ಲೆಕ್ಕಕ್ಕೆ ಬಿದ್ದು, ಶಾಲೆಯಲ್ಲೇ ಏನೋ ತಪ್ಪಾಗಿದೆ ಎಂಬ ತೀರ್ಮಾನಕ್ಕೆ ಬರುತ್ತೇವೆ. ಉಲ್ಟಾ ಕ್ರಮದಲ್ಲಿ ಅಳೆದರೆ ಶಾಲೆಯ ಆರೋಗ್ಯ ಕಾರ್ಯಕ್ರಮ ಅದ್ಭುತವಾಗಿ ನಡೆದಂತೆ ಕಾಣುತ್ತದೆ. ಎರಡೂ ಸುಳ್ಳು.

ಆದ್ದರಿಂದ ಮೊದಲ ಕೆಲಸ: ದೀರ್ಘ ರಜೆಯ ಎರಡೂ ತುದಿಯಲ್ಲಿ ಅಳೆಯಬೇಕು. ಶಾಲೆ ಮುಚ್ಚುವ ಕೊನೆಯ ವಾರ ಒಮ್ಮೆ, ತೆರೆದ ಮೊದಲ ವಾರ ಒಮ್ಮೆ, ಪಠ್ಯವರ್ಷದ ನಡುವೆ ಒಂದೋ ಎರಡೋ ಸಲ. ವರ್ಷಕ್ಕೆ ಮೂರು, ನಾಲ್ಕು ಅಳತೆ ಸಾಕು. ಮನೆಯಲ್ಲಿ ದಿನಾ ಮಗುವನ್ನು ತೂಕದ ಯಂತ್ರದ ಮೇಲೆ ನಿಲ್ಲಿಸುವುದು ಖಂಡಿತ ಬೇಡ. ದಿನದಿಂದ ದಿನಕ್ಕೆ ಬದಲಾಗುವುದು ನೀರು ಮತ್ತು ಹೊಟ್ಟೆಯಲ್ಲಿರುವ ಊಟ. ಅದನ್ನು ನೋಡಿ ದೊಡ್ಡವರು ಗಾಬರಿಯಾಗುತ್ತಾರೆ, ಮಗು ಕುಗ್ಗುತ್ತದೆ.

ಅಳತೆಯಲ್ಲಿ ಆಗುವ ತಪ್ಪುಗಳು

ಇಲ್ಲಿ ಸ್ವಲ್ಪ ಹೊತ್ತು ನಿಲ್ಲಬೇಕು. ನಾವು ಹುಡುಕುತ್ತಿರುವ ಬದಲಾವಣೆ ಒಂದೆರಡು ಕೆಜಿಯದ್ದು, ಬಿಎಂಐಯಲ್ಲಿ ಅರ್ಧ, ಮುಕ್ಕಾಲು, ಹೆಚ್ಚೆಂದರೆ ಒಂದು ಅಂಶದ್ದು. ಅಳೆಯುವಾಗಿನ ಅಜಾಗರೂಕತೆಯೇ ಇಷ್ಟು ವ್ಯತ್ಯಾಸ ತರಬಲ್ಲದು.

ಬಟ್ಟೆಯನ್ನೇ ನೋಡಿ. 128 ಸೆಂ.ಮೀ. ಎತ್ತರ, 31 ಕೆಜಿ ತೂಕದ ಮಗುವಿನ ಬಿಎಂಐ 18.9. ಚಳಿಯ ತಿಂಗಳಲ್ಲಿ ಸ್ವೆಟರ್, ದಪ್ಪ ಪ್ಯಾಂಟ್, ಶೂ ಸಮೇತ ನಿಲ್ಲಿಸಿದರೆ ಒಂದು ಕೆಜಿ ಸುಲಭವಾಗಿ ಸೇರುತ್ತದೆ. 32 ಕೆಜಿಗೆ ಬಿಎಂಐ 19.5. ಬೇಸಿಗೆಯಲ್ಲಿ ತೆಳುಬಟ್ಟೆಯಲ್ಲಿ ಅಳೆದಾಗ ಅದು ಮತ್ತೆ ಇಳಿಯುತ್ತದೆ. ಋತುವಿಗೆ ತಕ್ಕಂತೆ ಬದಲಾದದ್ದು ಮಗುವಿನ ಮೈಯಲ್ಲ, ಬಟ್ಟೆ! ಋತುಮಾನದ ತೂಕವನ್ನು ನೋಡಹೊರಟವರು ಮೊದಲು ಹುಷಾರಾಗಿರಬೇಕಾದದ್ದು ಇದರ ಬಗ್ಗೆಯೇ. ಶೂ, ಬೆಲ್ಟ್, ಸ್ವೆಟರ್ ತೆಗೆಸಿ, ಜೇಬು ಖಾಲಿ ಮಾಡಿಸಿ, ಪ್ರತಿ ಸಲವೂ ಅದೇ ಬಗೆಯ ತೆಳುಬಟ್ಟೆಯಲ್ಲಿ ತೂಗಿ.

ಹೊತ್ತೂ ಅಷ್ಟೇ ಮುಖ್ಯ. ಅರ್ಧ ಲೀಟರ್ ನೀರು ಕುಡಿದರೆ ಅರ್ಧ ಕೆಜಿ. ಮೂತ್ರ ವಿಸರ್ಜನೆ ಮಾಡಿಸಿ, ಊಟಕ್ಕೆ ಮುಂಚೆ, ಪ್ರತಿ ಸಲವೂ ದಿನದ ಅದೇ ವೇಳೆಗೆ ತೂಗುವುದು ಒಳ್ಳೆಯದು. ಬೆಳಗ್ಗೆ ಎದ್ದಾಗ ಇರುವ ಎತ್ತರ ಸಂಜೆಗೆ ಇರುವುದಿಲ್ಲ. ನಿಂತು, ಕೂತು, ಓಡಾಡಿ ಬೆನ್ನುಮೂಳೆಯ ನಡುವಿನ ಮೃದುಬಿಲ್ಲೆಗಳು ಒತ್ತಿಕೊಂಡು ಒಂದು ಸೆಂಟಿಮೀಟರಿನಷ್ಟೂ ಕಡಿಮೆಯಾಗಬಹುದು. ಬಿಎಂಐಯಲ್ಲಿ ಎತ್ತರ ವರ್ಗವಾಗಿ ಸೇರುವುದರಿಂದ ಮೇಲಿನ ಮಗುವಿನಲ್ಲೇ ಒಂದು ಸೆಂ.ಮೀ. ಕಡಿಮೆ ಬರೆದರೆ ಬಿಎಂಐ 18.9ರ ಬದಲು 19.2 ಆಗುತ್ತದೆ.

ಯಂತ್ರ ಗಟ್ಟಿಯಾದ, ಸಮತಟ್ಟಾದ ನೆಲದ ಮೇಲಿರಲಿ. ಜಮಖಾನೆ, ರಬ್ಬರ್ ಹಾಸಿನ ಮೇಲೆ ಇಟ್ಟರೆ ತಪ್ಪು ತೋರಿಸುತ್ತದೆ. ನೂರು ಗ್ರಾಂವರೆಗೆ ತೋರಿಸುವ ಡಿಜಿಟಲ್ ಯಂತ್ರ ಸಾಕು. ಸ್ಪ್ರಿಂಗ್ ಇರುವ ಹಳೆಯ ಮುಳ್ಳಿನ ಯಂತ್ರ ವರ್ಷ ಕಳೆದಂತೆ ಸಡಿಲವಾಗುತ್ತದೆ. ಪರೀಕ್ಷಿಸುವುದು ಸುಲಭ: ಐದು ಲೀಟರ್ ನೀರು ತುಂಬಿದ ಕ್ಯಾನನ್ನು ಇಟ್ಟು ನೋಡಿ, ಕ್ಯಾನಿನ ತೂಕ ಕಳೆದ ಮೇಲೆ ಐದು ಕೆಜಿ ತೋರಿಸಬೇಕು. ಎಲ್ಲಕ್ಕಿಂತ ಹೆಚ್ಚಾಗಿ, ರಜೆಗೆ ಮುಂಚೆ ಒಂದು ಯಂತ್ರ, ನಂತರ ಇನ್ನೊಂದು ಯಂತ್ರ ಎಂದಾಗಬಾರದು.

ಎತ್ತರಕ್ಕೆ ಗೋಡೆಗೆ ನೆಟ್ಟಗೆ ಕಟ್ಟಿದ ಅಳತೆಪಟ್ಟಿ, ತಲೆಯ ಮೇಲೆ ಇಳಿಸಲು ಲಂಬಕೋನದ ಹಲಗೆ ಬೇಕು. ಕೈಯಲ್ಲಿ ಸ್ಕೇಲ್ ಹಿಡಿದು ಅಂದಾಜಿನಲ್ಲಿ ಗೆರೆ ಎಳೆಯುವುದೇ ಹೆಚ್ಚಿನ ಕಡೆ ಆಗುವ ತಪ್ಪು, ಏಕೆಂದರೆ ಸ್ಕೇಲ್ ಸ್ವಲ್ಪ ಓರೆಯಾದರೂ ಒಂದೆರಡು ಸೆಂ.ಮೀ. ಹೋಗುತ್ತದೆ. ಬರಿಗಾಲು, ಹಿಮ್ಮಡಿ ಜೋಡಿಸಿ ಗೋಡೆಗೆ ತಾಗಿಸಿ, ಪೃಷ್ಠ ಮತ್ತು ಹೆಗಲ ಮೂಳೆಯೂ ತಾಗುವಂತೆ. ಕಣ್ಣಿನ ಗುಳಿಯ ಕೆಳ ಅಂಚು ಮತ್ತು ಕಿವಿರಂಧ್ರದ ಮೇಲಂಚು ನೆಲಕ್ಕೆ ಸಮಾನಾಂತರವಾದ ಒಂದೇ ಗೆರೆಯಲ್ಲಿರಬೇಕು. ಮಕ್ಕಳು ಎತ್ತರ ಕಾಣಬೇಕೆಂದು ಗಲ್ಲ ಎತ್ತುತ್ತಾರೆ, ಹಿಮ್ಮಡಿಯನ್ನೂ ಎತ್ತುತ್ತಾರೆ, ಎರಡನ್ನೂ ನೋಡಿಕೊಳ್ಳಿ. ಜುಟ್ಟು, ಕ್ಲಿಪ್ಪು ತೆಗೆಸಿ ಹಲಗೆಯನ್ನು ನೆತ್ತಿಗೆ ಒತ್ತಿ. ಎರಡು ಸಲ ಅಳೆದು, ಅರ್ಧ ಸೆಂ.ಮೀ.ಗಿಂತ ಹೆಚ್ಚು ವ್ಯತ್ಯಾಸ ಬಂದರೆ ಮೂರನೆಯ ಸಲ ಅಳೆಯಿರಿ.

ಕೋಷ್ಟಕ ನೋಡುವಾಗ ವಯಸ್ಸನ್ನು ತಿಂಗಳಿನವರೆಗೂ ಲೆಕ್ಕ ಹಾಕಿ, ಹುಡುಗ ಹುಡುಗಿಯರಿಗೆ ಬೇರೆ ಬೇರೆ ಕೋಷ್ಟಕ ಬಳಸಿ. ದೊಡ್ಡವರ 25, 30ರ ಗೆರೆಗಳನ್ನು ಮಕ್ಕಳಿಗೆ ಹಾಕುವುದು ದೊಡ್ಡ ತಪ್ಪು. ಮೇಲೆ ಹೇಳಿದ ಹಾಗೆ 8 ವರ್ಷದ ಹುಡುಗನಿಗೆ 20 ಎಂಬುದೇ ಬೊಜ್ಜು. ‘ಇಪ್ಪತ್ತೇ ತಾನೇ, ಪರವಾಗಿಲ್ಲ’ ಎಂದು ಬಿಟ್ಟುಬಿಡುವವರು ಬಹಳ ಮಂದಿ. ಬಿಎಂಐ ಸಹಜವಾಗಿಯೇ ಸುಮಾರು 5ರಿಂದ 7 ವರ್ಷದ ನಡುವೆ ತಳಮುಟ್ಟಿ ಮತ್ತೆ ಏರತೊಡಗುತ್ತದೆ. ಈ ತಿರುವು ಬೇಗ, ಅಂದರೆ ಐದಕ್ಕೂ ಮುಂಚೆ ಬಂದ ಮಕ್ಕಳಲ್ಲಿ ಮುಂದೆ ಬೊಜ್ಜಿನ ಸಂಭವ ಹೆಚ್ಚು.

ಬಿಎಂಐ ಕೊಬ್ಬನ್ನು ಅಳೆಯುವುದಿಲ್ಲ ಎಂಬ ಆಕ್ಷೇಪ ನ್ಯಾಯವಾದದ್ದು. ಜೊತೆಗೆ ಸೊಂಟದ ಸುತ್ತಳತೆ ತೆಗೆದುಕೊಂಡರೆ ಚಿತ್ರ ಸ್ಪಷ್ಟವಾಗುತ್ತದೆ. ಕೊನೆಯ ಪಕ್ಕೆಲುಬಿನ ಕೆಳಗೂ ಸೊಂಟದ ಮೂಳೆಯ ಮೇಲೂ ಬೆರಳಿಟ್ಟು, ಅವುಗಳ ನಟ್ಟನಡುವೆ ಟೇಪು ಸುತ್ತಿ, ಮಗು ಸಹಜವಾಗಿ ಉಸಿರು ಬಿಟ್ಟಾಗ ಓದಬೇಕು. ಅದು ಎತ್ತರದ ಅರ್ಧಕ್ಕಿಂತ ಕಡಿಮೆ ಇರಬೇಕು. 134 ಸೆಂ.ಮೀ. ಮಗುವಿಗೆ 67 ಸೆಂ.ಮೀ. ಒಳಗೆ.

ಇನ್ನೊಂದು ಮಾತು ಶಿಕ್ಷಕರಿಗೆ. ತೂಕವನ್ನು ಮರೆಯಲ್ಲಿ ತೆಗೆದುಕೊಳ್ಳಿ. ಸಾಲಿನಲ್ಲಿ ನಿಲ್ಲಿಸಿ ಅಂಕಿಯನ್ನು ಕೂಗಿ ಬರೆಸಬೇಡಿ. ಆ ಒಂದು ಕೂಗಿಗೆ ತರಗತಿಯಲ್ಲಿ ಅಡ್ಡಹೆಸರು ಹುಟ್ಟುತ್ತದೆ, ಹೆಸರು ಬಿದ್ದ ಮಗು ಮೈದಾನಕ್ಕೆ ಇಳಿಯುವುದನ್ನೇ ಬಿಡುತ್ತದೆ. ಅಳತೆಯ ಉದ್ದೇಶವೇ ಅಲ್ಲಿಗೆ ಸೋತಂತೆ.

ರಜೆಯಲ್ಲಿ ಏನು ಕೈತಪ್ಪುತ್ತದೆ

ರಜೆಯಲ್ಲಿ ಮಕ್ಕಳು ಒಮ್ಮೆಲೇ ಹೊಟ್ಟೆಬಿರಿಯ ತಿನ್ನುತ್ತಾರೆ ಎಂದೇನಿಲ್ಲ. ಸಣ್ಣ ಹೆಚ್ಚಳ ಸಾಕು. ದಿನಕ್ಕೆ 150 ಕಿಲೋಕ್ಯಾಲರಿ ಹೆಚ್ಚಾದರೆ 70 ದಿನಕ್ಕೆ 10,500. ಒಂದು ಕೆಜಿ ಕೊಬ್ಬಿನ ಅಂಗಾಂಶದಲ್ಲಿ ಇರುವುದು ಸುಮಾರು 7,700 ಕಿಲೋಕ್ಯಾಲರಿ. ಹೆಚ್ಚುವರಿಯೆಲ್ಲ ಕೊಬ್ಬಾಗಿ ಕೂರುವುದಿಲ್ಲ, ಒಂದು ಭಾಗ ಖರ್ಚಾಗುತ್ತದೆ. ಆದರೂ ಒಂದು ಕೆಜಿಯ ಆಸುಪಾಸಿಗೆ ಹೋಗಬಲ್ಲದು. ಆ 150 ಎಲ್ಲಿಂದ ಬರುತ್ತದೆ? 330 ಮಿ.ಲೀ. ಸಿಹಿ ಸೋಡಾ ಪಾನೀಯದ ಒಂದು ಡಬ್ಬಿಯಲ್ಲಿ ಸುಮಾರು 35 ಗ್ರಾಂ ಸಕ್ಕರೆ ಇರುತ್ತದೆ, ಅಂದರೆ 140 ಕಿಲೋಕ್ಯಾಲರಿ. ಸೇರಿಸಿದ ಸಕ್ಕರೆಯಂಥವು ದಿನದ ಶಕ್ತಿಯಲ್ಲಿ ಶೇ. 10ನ್ನು ಮೀರಬಾರದು, ಶೇ. 5ರೊಳಗಿದ್ದರೆ ಇನ್ನೂ ಒಳ್ಳೆಯದು ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ದಿನಕ್ಕೆ 1,600 ಕಿಲೋಕ್ಯಾಲರಿ ಬೇಕಾದ ಮಗುವಿಗೆ ಶೇ. 10 ಎಂದರೆ 40 ಗ್ರಾಂ. ಒಂದು ಡಬ್ಬಿಯಲ್ಲೇ ಅದು ಬಹುತೇಕ ಮುಗಿದುಹೋಗುತ್ತದೆ. ಹಣ್ಣಿನ ರಸ ಆರೋಗ್ಯಕರ ಎಂದು ಲೋಟಗಟ್ಟಲೆ ಕೊಡುವವರಿದ್ದಾರೆ. ಹಿಂಡಿದ ರಸದ ಸಕ್ಕರೆಯೂ ಇದೇ ಲೆಕ್ಕಕ್ಕೆ ಸೇರುತ್ತದೆ. ಹಣ್ಣನ್ನು ಹಣ್ಣಾಗಿಯೇ ತಿನ್ನಲಿ.

ನಿದ್ದೆ ಜಾರುವುದು ಇನ್ನೊಂದು. ರಜೆಯಲ್ಲಿ ಮಕ್ಕಳು ಹೆಚ್ಚು ಹೊತ್ತು ಮಲಗಬಹುದು, ಆದರೆ ಮಲಗುವ ವೇಳೆ ತಡವಾಗುತ್ತದೆ. ರಾತ್ರಿಯ ಆ ಹೆಚ್ಚುವರಿ ಎರಡು ಗಂಟೆ ಪರದೆಯ ಮುಂದೆ ಕಳೆಯುತ್ತದೆ, ಜೊತೆಗೆ ಕೈಗೆ ಸಿಕ್ಕಿದ್ದು ಬಾಯಿಗೆ. ಬೆಳಗ್ಗೆ ತಡವಾಗಿ ಎದ್ದು ತಿಂಡಿ ತಪ್ಪಿಸಿ, ಮಧ್ಯಾಹ್ನ ಹಸಿವು ಮೀರಿ ತಿನ್ನುವುದು. ಇಡೀ ದಿನದ ಊಟವೆಲ್ಲ ಸಂಜೆಯ ಕಡೆಗೆ ವಾಲುತ್ತದೆ. 6ರಿಂದ 12 ವರ್ಷದವರಿಗೆ 9ರಿಂದ 12 ಗಂಟೆ, 13ರಿಂದ 18ರವರಿಗೆ 8ರಿಂದ 10 ಗಂಟೆ ನಿದ್ದೆ ಬೇಕು. ಏಳುವ ವೇಳೆಯನ್ನು ಹಿಡಿದರೆ ಮಲಗುವ ವೇಳೆ ತಾನಾಗಿ ಹಿಂದೆ ಬರುತ್ತದೆ. ಬೇಗ ಮಲಗು ಎಂದು ಗದರಿಸಿ ಪ್ರಯೋಜನವಿಲ್ಲ.

ಹವೆ ಇಲ್ಲಿ ನೇರವಾಗಿ ಕೈಹಾಕುತ್ತದೆ. ತೀವ್ರ ಬಿಸಿಲು, ಸತತ ಮಳೆ, ಕೊರೆಯುವ ಚಳಿ, ಬೇಗ ಕವಿಯುವ ಕತ್ತಲು ಯಾವುದಾದರೂ ಸರಿ, ಮಗುವನ್ನು ಒಳಗೆ ಕೂರಿಸುತ್ತದೆ. ಒಳಗೆ ಕೂತ ಮಗುವಿನ ಹತ್ತಿರ ಎರಡೇ ಇರುತ್ತವೆ, ಪರದೆ ಮತ್ತು ಅಡುಗೆಮನೆ. ಅಮೆರಿಕದ ವಿಸ್ಕಾನ್ಸಿನ್‌ನಲ್ಲಿ ನಡೆದು 2007ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಶಾಲೆಯ ವ್ಯಾಯಾಮದಿಂದ ಅಧಿಕ ತೂಕದ ಮಕ್ಕಳು ಒಂದು ಪಠ್ಯವರ್ಷದಲ್ಲಿ ಗಳಿಸಿದ್ದ ದೇಹದಾರ್ಢ್ಯ ಬೇಸಿಗೆ ರಜೆಯಲ್ಲಿ ಕರಗಿಹೋಗಿತ್ತು. ದೈಹಿಕ ಶಿಕ್ಷಣ ಶಿಕ್ಷಕರು ಇದನ್ನು ತಮ್ಮ ಸೋಲೆಂದು ತಿಳಿಯಬೇಕಾಗಿಲ್ಲ. ರಜೆಗೆ ಮುಂಚೆ ಪ್ರತಿ ಮಗುವಿನ ಕೈಗೂ ಒಂದು ಸರಳ ಆಟದ ಪಟ್ಟಿ ಕೊಟ್ಟು ಕಳಿಸುವುದು ಎಷ್ಟು ಮುಖ್ಯ ಎಂದು ತಿಳಿದರೆ ಸಾಕು.

ಚೌಕಟ್ಟನ್ನು ಮನೆಗೆ ತರುವುದು

ರಜೆಯನ್ನು ಶಾಲೆಯಾಗಿಸಬೇಕಿಲ್ಲ. ನಾಲ್ಕೈದು ಗೂಟ ನೆಟ್ಟರೆ ಸಾಕು, ನಡುವಿನ ಹೊತ್ತು ಮಗುವಿನದ್ದೇ ಇರಲಿ.

ಏಳುವುದು ಶಾಲೆಯ ದಿನಕ್ಕಿಂತ ಒಂದು ಗಂಟೆಗಿಂತ ತಡವಾಗದಿರಲಿ. ಎದ್ದು ಒಂದು ಗಂಟೆಯೊಳಗೆ ತಿಂಡಿ. ಮೂರು ಹೊತ್ತಿನ ಆಹಾರ, ನಡುವೆ ಒಂದೋ ಎರಡೋ ಸಲ ಲಘುವಾಗಿ ಏನಾದರೂ, ಎಲ್ಲಕ್ಕೂ ವೇಳೆ ಗೊತ್ತಿರಲಿ. ಅದರ ನಡುವೆ ಹಸಿವೆಂದರೆ ನೀರು, ಇನ್ನೂ ಹಸಿವೆಂದರೆ ಹಣ್ಣು. ಪೊಟ್ಟಣದಿಂದ ನೇರವಾಗಿ ತಿನ್ನುವುದನ್ನು ನಿಲ್ಲಿಸಿ ತಟ್ಟೆಗೆ ಹಾಕಿಕೊಂಡು, ಪರದೆ ಆರಿಸಿ ತಿನ್ನುವ ನಿಯಮ ಒಂದೇ ಬಹಳಷ್ಟನ್ನು ಸರಿಮಾಡುತ್ತದೆ. ಸಿಹಿ ಪಾನೀಯ, ಕರಿದ ಪೊಟ್ಟಣಗಳನ್ನು ಬಚ್ಚಿಟ್ಟು ಕಾವಲು ಕಾಯುವ ಬದಲು ತರುವುದನ್ನೇ ಕಡಿಮೆ ಮಾಡಿ. ಬಚ್ಚಿಟ್ಟದ್ದನ್ನು ಮಕ್ಕಳು ಹುಡುಕುತ್ತಾರೆ, ಕದ್ದು ತಿನ್ನುವುದನ್ನು ಕಲಿಯುತ್ತಾರೆ. ನಿಯಮ ಮನೆಯವರೆಲ್ಲರಿಗೂ ಒಂದೇ ಇರಲಿ. ದಪ್ಪಗಿರುವ ಮಗುವಿಗೆ ಬೇರೆ ತಟ್ಟೆ, ತೆಳ್ಳಗಿರುವ ತಂಗಿಗೆ ಬೇರೆ ತಟ್ಟೆ ಎಂದರೆ ಅದು ಶಿಕ್ಷೆಯಾಗುತ್ತದೆ.

5ರಿಂದ 17 ವರ್ಷದವರಿಗೆ ದಿನಕ್ಕೆ ಸರಾಸರಿ 60 ನಿಮಿಷ ಉಸಿರು ಏರುವಂಥ ಚಟುವಟಿಕೆ ಬೇಕು ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ 2020ರ ಮಾರ್ಗಸೂಚಿ. ವಾರಕ್ಕೆ ಮೂರು ದಿನವಾದರೂ ಅದರಲ್ಲಿ ಜೋರಾದ ಓಟ, ಜಿಗಿತ, ಮೂಳೆ ಸ್ನಾಯು ಗಟ್ಟಿ ಮಾಡುವ ಆಟ ಇರಬೇಕು. ಒಂದೇ ಬಾರಿಗೆ ಅರವತ್ತು ನಿಮಿಷ ಆಗಲೇಬೇಕೆಂದಿಲ್ಲ. ಬಿಸಿಲಿನ ಕಾಲದಲ್ಲಿ ಬೆಳಗ್ಗೆ ಅರ್ಧ ಗಂಟೆ, ಹೊತ್ತು ಇಳಿದ ಮೇಲೆ ಅರ್ಧ ಗಂಟೆ. ಹೊರಹೋಗಲಾಗದ ದಿನ ಹತ್ತು ಹತ್ತು ನಿಮಿಷದ ಕಂತುಗಳಲ್ಲಿ ಹಗ್ಗದಾಟ, ಮೆಟ್ಟಿಲು ಹತ್ತಿಳಿಯುವುದು, ಕುಣಿತ. ತೂಕ ಹೆಚ್ಚಿರುವ ಮಗು ಬಿಸಿಲಿನಲ್ಲಿ ಬೇಗ ಬಳಲುತ್ತದೆ. ಸೋಮಾರಿ ಎಂದು ಅನ್ನಬೇಡಿ, ನೆರಳು ಮತ್ತು ನೀರು ಕೊಡಿ. ಅಂಥ ಮಗುವಿಗೆ ಈಜು, ಸೈಕಲ್ ಚೆನ್ನಾಗಿ ಒಗ್ಗುತ್ತವೆ, ಮಂಡಿಗೆ ಹೊರೆ ಕಡಿಮೆ.

ಗುರಿ ಯಾವುದು ಎಂಬಲ್ಲಿ ಪೋಷಕರು ಹೆಚ್ಚಾಗಿ ಎಡವುತ್ತಾರೆ. ಬೆಳೆಯುವ ಮಗುವಿನ ತೂಕವನ್ನು ಇಳಿಸಲೇಬೇಕೆಂದಿಲ್ಲ, ಹಿಡಿದಿಟ್ಟರೆ ಬಹುತೇಕ ಸಲ ಸಾಕು. ನಮ್ಮ ಲೆಕ್ಕದ ಹುಡುಗನನ್ನೇ ನೋಡಿ: 134 ಸೆಂ.ಮೀ., 34 ಕೆಜಿ, ಬಿಎಂಐ 18.9. ತೂಕ 34ರಲ್ಲೇ ನಿಂತು ಒಂದು ವರ್ಷದಲ್ಲಿ ಎತ್ತರ 139 ಆದರೆ ಬಿಎಂಐ 17.6. ಆಗ ಅವನಿಗೆ ಹತ್ತು ದಾಟಿರುತ್ತದೆ, ಹತ್ತು ವರ್ಷದ ಗೆರೆ 18.5. ಒಂದು ಗ್ರಾಂ ಕೂಡ ಇಳಿಸದೆ ಗೆರೆಯ ಒಳಗೆ ಬಂದ. ಪೂರ್ತಿ ಹಿಡಿದಿಡಲಾಗದೆ ಒಂದೂವರೆ ಕೆಜಿ ಏರಿದರೂ ಬಿಎಂಐ 18.4 ಆಗುತ್ತದೆ, ಆಗಲೂ ಗೆರೆಯ ಒಳಗೇ. ತೀವ್ರ ಬೊಜ್ಜಿದ್ದು ತೂಕ ಇಳಿಸಲೇಬೇಕಾದ 6ರಿಂದ 11 ವರ್ಷದವರಲ್ಲೂ ಅದು ವೈದ್ಯರ ನಿಗಾದಲ್ಲಿ, ನಿಧಾನವಾಗಿಯೇ ಆಗಬೇಕು. ಊಟ ಬಿಡಿಸುವುದು, ದೊಡ್ಡವರ ಪಥ್ಯ ಹಿಡಿಸುವುದು, ‘ತೂಕ ಇಳಿಸುವ’ ಪುಡಿಗಳನ್ನು ಕುಡಿಸುವುದು ಎತ್ತರವನ್ನೇ ಕುಂಠಿತಗೊಳಿಸಬಹುದು.

ದಿನಚರಿಯಿಂದ ಬಗೆಹರಿಯದ ಕೆಲವು ಲಕ್ಷಣಗಳಿವೆ, ಅವನ್ನು ಕಂಡರೆ ಮುಂದಿನ ಅಳತೆಗೆ ಕಾಯದೆ ವೈದ್ಯರ ಬಳಿ ಹೋಗಿ. ತೂಕ ಏರುತ್ತಿದ್ದು ಎತ್ತರ ನಿಂತುಹೋಗಿದ್ದರೆ ಅದು ಮೊದಲನೆಯದು. ಹೆಚ್ಚು ತಿಂದು ದಪ್ಪವಾದ ಮಗು ಸಾಮಾನ್ಯವಾಗಿ ವಯಸ್ಸಿಗೆ ಮೀರಿ ಎತ್ತರವಿರುತ್ತದೆ. ಕುಳ್ಳಾಗಿ ದಪ್ಪವಾಗುತ್ತಿದ್ದರೆ ಥೈರಾಯ್ಡ್ ಮೊದಲಾದ ಹಾರ್ಮೋನುಗಳನ್ನು ಪರೀಕ್ಷಿಸಬೇಕು. ಕುತ್ತಿಗೆ, ಕಂಕುಳಲ್ಲಿ ಮಖಮಲ್ಲಿನಂಥ ಕಪ್ಪು ಪಟ್ಟಿ ಕಂಡರೆ ಅದು ಕೊಳೆಯಲ್ಲ, ತಿಕ್ಕಿದರೆ ಹೋಗುವುದಿಲ್ಲ. ಇನ್ಸುಲಿನ್ ಸರಿಯಾಗಿ ಕೆಲಸ ಮಾಡುತ್ತಿಲ್ಲ ಎಂಬ ಗುರುತು ಇರಬಹುದು. ಜೋರಾಗಿ ಗೊರಕೆ ಹೊಡೆದು ನಡುವೆ ಉಸಿರು ಕಟ್ಟುವುದು, ಅತಿಯಾದ ಬಾಯಾರಿಕೆ ಮತ್ತು ಮೂತ್ರ, ಸೊಂಟ ಅಥವಾ ಮಂಡಿ ನೋವಿನಿಂದ ಕುಂಟುವುದು, ದೃಷ್ಟಿ ಮಂಜಾಗುವ ತಲೆನೋವು ಇವೂ ಅಷ್ಟೇ. ತೂಕದ ಮಗು ಕುಂಟಿದರೆ ‘ಭಾರಕ್ಕೆ ನೋವು’ ಎಂದು ತಳ್ಳಿಹಾಕಬೇಡಿ. ತೊಡೆಮೂಳೆಯ ತಲೆಭಾಗ ಜಾರಿದ್ದರೆ ಅದು ತಡಮಾಡುವಂಥ ವಿಷಯವಲ್ಲ, ಆ ನೋವು ಮಂಡಿಯಲ್ಲೇ ಕಾಣಿಸಿಕೊಳ್ಳುವುದೂ ಉಂಟು.

ಸಭೆಯಿಂದ ಬಂದ ಪ್ರಶ್ನೆಗಳು

*ಹನ್ನೆರಡು ವರ್ಷದ ಮಗಳು ಒಂದೇ ವರ್ಷದಲ್ಲಿ ಆರು ಕೆಜಿ ಏರಿದ್ದಾಳೆ. ಇದೂ ರಜೆಯ ತೂಕವೇ?*

ಅದನ್ನು ಎತ್ತರದ ಜೊತೆ ನೋಡದೆ ಹೇಳಲಾಗದು. ಹುಡುಗಿಯರಲ್ಲಿ ಎತ್ತರದ ಓಟ ಸುಮಾರು 12ರ ಆಸುಪಾಸಿನಲ್ಲಿ, ಹುಡುಗರಲ್ಲಿ 14ರ ಆಸುಪಾಸಿನಲ್ಲಿ ಉತ್ತುಂಗದಲ್ಲಿರುತ್ತದೆ. ಆ ವರ್ಷ ಆರು ಕೆಜಿಯ ಜೊತೆ ಏಳೆಂಟು ಸೆಂ.ಮೀ. ಏರಿದ್ದರೆ ಅದು ಪ್ರಾಯದ ಬೆಳವಣಿಗೆ. ಈ ಹೊತ್ತಿನಲ್ಲಿ ಹೆದರಿ ಊಟ ಕಡಿಮೆ ಮಾಡಿಸುವುದು ತುಂಬಾ ಕೆಟ್ಟದ್ದು. ಬಿಎಂಐ ಹಿಂದಿನ ವರ್ಷದ ಗೆರೆಗೆ ಸಮಾನಾಂತರವಾಗಿ ಹೋಗುತ್ತಿದೆಯೇ, ಗೆರೆ ದಾಟಿ ಮೇಲೆ ಹೋಗುತ್ತಿದೆಯೇ ಎಂದು ನೋಡಿ.

*ರಜೆಯ ಶಿಬಿರಕ್ಕೆ ಸೇರಿಸಿದರೆ ಸಾಕೇ?*

ದಿನದ ಹೊತ್ತನ್ನು ಹಿಡಿದಿಡುವುದರಿಂದ ಉಪಯೋಗವಿದೆ. ಕೇಳಬೇಕಾದದ್ದು ಮೂರು: ಮಕ್ಕಳು ಎಷ್ಟು ನಿಮಿಷ ಓಡಾಡುತ್ತಾರೆ, ನಡುವೆ ಏನು ತಿನ್ನಲು ಕೊಡುತ್ತಾರೆ, ಎಷ್ಟು ವಾರ ನಡೆಯುತ್ತದೆ. ಹತ್ತು ವಾರದ ರಜೆಯಲ್ಲಿ ಒಂದು ವಾರದ ಶಿಬಿರವಿದ್ದರೆ ಉಳಿದ ಒಂಬತ್ತು ವಾರದ ಗತಿ ಏನು ಎಂದು ಯೋಚಿಸಬೇಕು. ನೆರೆಹೊರೆಯ ನಾಲ್ಕು ಮನೆಯವರು ಸರದಿಯ ಮೇಲೆ ಸಂಜೆ ಒಂದು ಗಂಟೆ ಮಕ್ಕಳನ್ನು ಆಡಿಸಿದರೆ ಅದು ಅದಕ್ಕಿಂತ ಹೆಚ್ಚು ಕೆಲಸ ಮಾಡುತ್ತದೆ.

*ನಮ್ಮ ತರಗತಿಯಲ್ಲಿ ಕೆಲವು ಮಕ್ಕಳು ರಜೆ ಮುಗಿಸಿ ಬರುವಾಗ ತೆಳ್ಳಗಾಗಿರುತ್ತಾರೆ. ಅವರ ವಿಷಯ?*

ಬಹಳ ಒಳ್ಳೆಯ ಪ್ರಶ್ನೆ. ದಿನದ ಒಂದು ಹೊತ್ತಿನ ಗಟ್ಟಿ ಊಟಕ್ಕೆ ಶಾಲೆಯನ್ನೇ ನೆಚ್ಚಿಕೊಂಡ ಮಕ್ಕಳಿಗೆ ರಜೆ ಎಂದರೆ ಆ ಊಟ ಇಲ್ಲದ ತಿಂಗಳುಗಳು. ಋತು ಬದಲಾದಾಗ ಬರುವ ಜ್ವರ, ಭೇದಿಯೂ ತೂಕ ಇಳಿಸುತ್ತವೆ. ಒಂದೇ ತರಗತಿಯಲ್ಲಿ ರಜೆಯಿಂದ ದಪ್ಪವಾಗಿ ಬಂದವರೂ ಸೊರಗಿ ಬಂದವರೂ ಇರುತ್ತಾರೆ, ತರಗತಿಯ ಸರಾಸರಿ ತೆಗೆದರೆ ಇಬ್ಬರೂ ಮಾಯವಾಗುತ್ತಾರೆ. ಆದ್ದರಿಂದ ಸರಾಸರಿ ಬೇಡ, ಪ್ರತಿ ಮಗುವಿನ ರಜೆಗೆ ಮುಂಚಿನ ಮತ್ತು ನಂತರದ ಅಂಕಿಗಳನ್ನು ಅಕ್ಕಪಕ್ಕ ಬರೆಯಿರಿ. ಎತ್ತರ ಏರಿದ್ದು ತೂಕ ಇಳಿದಿದ್ದರೆ ಅಥವಾ ಬಿಎಂಐ ಕೋಷ್ಟಕದ ಕೆಳಗಿನ ಗೆರೆಯನ್ನು ಮುಟ್ಟಿದ್ದರೆ ಆ ಹೆಸರಿನ ಮುಂದೆ ಗುರುತು ಹಾಕಿ, ಮನೆಯವರನ್ನು ಅದೇ ವಾರ ಕರೆದು ಮಾತಾಡಿ, ಒಂದು ತಿಂಗಳ ಮೇಲೆ ಮತ್ತೆ ತೂಗಿ. ಆಗಲೂ ಏರಿರದಿದ್ದರೆ ವೈದ್ಯರಿಗೆ ತೋರಿಸಲು ಹೇಳಿ.